ಮತವಿಲ್ಲದವರ ಪಾಲು

ಕನ್ನಡದಲ್ಲಿ 'ಶಾಸನ' ಎಂಬ ಮಾತಿಗೆ ಎರಡು ಅರ್ಥಗಳುಂಟು. ಕಲ್ಲಿನ ಮೇಲೆ ಕೊರೆದದ್ದೂ ಶಾಸನವೇ, ವಿಧಾನಸೌಧದಲ್ಲಿ ಅಂಗೀಕಾರವಾದದ್ದೂ ಶಾಸನವೇ. ಮೂವತ್ತು ವರ್ಷಕ್ಕೂ ಮಿಕ್ಕಿ ತರಗತಿಯಲ್ಲಿ ನಾನು ಪಾಠ ಹೇಳಿದ್ದು ಮೊದಲನೆಯ ಬಗೆಯ ಶಾಸನವನ್ನು. ಎರಡನೆಯ ಬಗೆಯದನ್ನು ಅಕ್ಷರ ಬಿಡದೆ ಓದುವ ಪ್ರಸಂಗ ಒದಗಿದ್ದು ನಿವೃತ್ತಿಯ ಅನಂತರ. ಅದೂ ಪರದೇಶದಲ್ಲಿ, 2024ರ ಅಕ್ಟೋಬರ್ ತಿಂಗಳಲ್ಲಿ.

ನನ್ನ ಮಗಳು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದಾಳೆ. ಅಲ್ಲಿಯ ಪೌರಳೂ ಆಗಿದ್ದಾಳೆ. ನಾನು ಅಲ್ಲಿದ್ದಾಗ ಅಂಚೆಯಲ್ಲಿ ಒಂದು ಪುಸ್ತಕ ಬಂತು. ನೂರು ಪುಟಕ್ಕೂ ಮಿಕ್ಕಿದ್ದು. ರಾಜ್ಯ ಸರ್ಕಾರವೇ ಅಚ್ಚು ಹಾಕಿಸಿ ಮತದಾರರಿಗೆಲ್ಲ ಕಳುಹಿಸುವ ಕೈಪಿಡಿ. ಅದನ್ನು ತಂದು ನನ್ನ ಮುಂದಿಟ್ಟು ಮಗಳು ಹೇಳಿದಳು: "ಅಪ್ಪ, ಅಧ್ಯಕ್ಷರ ಚುನಾವಣೆಯ ಜೊತೆಗೆ ಹತ್ತು ಪ್ರಸ್ತಾಪಗಳಿವೆ. ಒಂದೊಂದಕ್ಕೂ 'ಹೌದು' ಅಥವಾ 'ಇಲ್ಲ' ಎಂದು ಗುರುತು ಹಾಕಬೇಕು. ಓದಲು ನನಗೆ ಪುರಸೊತ್ತಿಲ್ಲ. ನೀವು ಓದಿ ಹೇಳಿ."

"ಇಲ್ಲಿ ನನಗೆ ಮತವೇ ಇಲ್ಲವಲ್ಲಮ್ಮ" ಎಂದೆ.

"ಮತ ಇಲ್ಲದಿದ್ದರೇನು, ಓದುವುದಕ್ಕೆ ಬರುತ್ತದಲ್ಲ" ಎಂದಳು.

ಅವಳು ತಮಾಷೆಗೆ ಆಡಿದ ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ಮತವಿಲ್ಲದವನೊಬ್ಬ ಮತಪತ್ರವನ್ನು ಓದಿದರೆ ಅದರಲ್ಲಿ ಅವನಿಗೆ ಕಾಣುವುದೇನು? ಈ ಹೊತ್ತು ನಾನು ಹೇಳಹೊರಟಿರುವುದು ಆ ಪ್ರಶ್ನೆಯ ಬೆನ್ನು ಹಿಡಿದು ನಾನು ಕಂಡುಕೊಂಡ ಒಂದಿಷ್ಟು ಚರಿತ್ರೆಯನ್ನು.

ನಮ್ಮಲ್ಲಿ ನಾವು ಮತ ಹಾಕುವುದು ಮನುಷ್ಯರಿಗೆ, ಕಾನೂನಿಗಲ್ಲ. 1967ರಲ್ಲಿ ಗೋವೆಯ ಜನ ತಾವು ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೋ ಬೇಡವೋ ಎಂದು ಮತ ನೀಡಿ, ಬೇಡವೆಂದರು. ಅಂಥ ಒಂದೆರಡು ಸಂದರ್ಭಗಳನ್ನು ಬಿಟ್ಟರೆ ಒಂದು ವಿಷಯವನ್ನು ನೇರವಾಗಿ ಜನರ ಮುಂದಿಟ್ಟು ಕೇಳಿದ್ದು ನಮ್ಮ ದೇಶದಲ್ಲಿ ಅಪರೂಪ. ಅಮೆರಿಕದ ರಾಜ್ಯಗಳ ರೀತಿ ಬೇರೆ. ಡೆಲಾವೇರ್ ಒಂದನ್ನುಳಿದು ಮಿಕ್ಕ ಎಲ್ಲ ರಾಜ್ಯಗಳಲ್ಲಿಯೂ ರಾಜ್ಯದ ಸಂವಿಧಾನವನ್ನು ತಿದ್ದಬೇಕಾದರೆ ಜನರ ಒಪ್ಪಿಗೆ ಬೇಕು. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಜನರೇ ಇಂತಿಷ್ಟು ಸಹಿ ಸಂಗ್ರಹಿಸಿ ತಾವು ಬರೆದ ಕಾನೂನನ್ನು ಮತಕ್ಕೆ ಹಾಕಬಹುದು. ಇದಕ್ಕೆ ಇನಿಷಿಯೇಟಿವ್ ಎಂದು ಹೆಸರು. ಶಾಸನಸಭೆ ಮಾಡಿದ ಕಾನೂನನ್ನು ಜನರ ಮುಂದೆ ತಂದು ಒರೆಗೆ ಹಚ್ಚುವುದಕ್ಕೆ ರೆಫರೆಂಡಮ್ ಎಂದು ಹೆಸರು.

ಈ ಪದ್ಧತಿಯ ತವರು ಸ್ವಿಟ್ಜರ್‌ಲೆಂಡ್. ಅಲ್ಲಿ 1874ರಲ್ಲಿ ರೆಫರೆಂಡಮ್, 1891ರಲ್ಲಿ ಸಂವಿಧಾನದ ಭಾಗಗಳನ್ನು ತಿದ್ದಲು ಇನಿಷಿಯೇಟಿವ್ ಇಡಿಯ ದೇಶಕ್ಕೆ ಅನ್ವಯವಾಗುವಂತೆ ಬಂದವು. ಅಮೆರಿಕದಲ್ಲಿ ಇದನ್ನು ಮೊದಲು ಕೈಗೊಂಡ ರಾಜ್ಯ ಸೌತ್ ಡಕೋಟ, 1898ರಲ್ಲಿ. ಆದರೆ ಇದಕ್ಕೆ ಪ್ರಾಣ ತುಂಬಿದ್ದು ಆರೆಗಾನ್. ಅಲ್ಲಿ ವಿಲಿಯಂ ಯುರೆನ್ ಎಂಬೊಬ್ಬನಿದ್ದ. ಕಮ್ಮಾರನ ಮಗ; ತಾನೂ ಕಮ್ಮಾರಿಕೆ ಕಲಿತು, ಆಮೇಲೆ ವಕೀಲನಾದವನು. ಸ್ವಿಸ್ ಪದ್ಧತಿಯ ವಿಷಯವಾಗಿ ಬಂದಿದ್ದ ಒಂದು ಚಿಕ್ಕ ಪುಸ್ತಕ ಈತನ ಕೈಗೆ ಸಿಕ್ಕಿತು. ಅಲ್ಲಿಂದ ಮುಂದಕ್ಕೆ ಈತನಿಗೆ ಅದೊಂದೇ ಧ್ಯಾನ. ವರ್ಷಗಟ್ಟಲೆ ಕರಪತ್ರ ಹಂಚಿ, ಪಕ್ಷಪಕ್ಷಗಳ ನಡುವೆ ಓಡಾಡಿ, 1902ರಲ್ಲಿ ಆ ತಿದ್ದುಪಡಿಯನ್ನು ಜನರ ಮುಂದೆ ಬರುವಂತೆ ಮಾಡಿದ. ಪರವಾಗಿ 62,024 ಮತಗಳು, ವಿರುದ್ಧವಾಗಿ 5,668. ಶಾಸನಸಭೆಯ ಮೇಲೆ ಜನಕ್ಕೆ ಎಷ್ಟು ಬೇಸರ ಹುಟ್ಟಿತ್ತೆಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ಜನರಿಗೆ ಅಧಿಕಾರವೇನೋ ಬಂತು. ಆದರೆ ಕಾನೂನಿನ ಭಾಷೆಯನ್ನು ಓದಿ ತೀರ್ಮಾನಿಸುವುದು ಹೊಲದಲ್ಲಿ ದುಡಿಯುವವನಿಗೂ ಅಂಗಡಿ ನಡೆಸುವವನಿಗೂ ಸುಲಭವೆ? ಮತದಾರರಿಗೆ ಕೈಪಿಡಿಯೊಂದನ್ನು ಅಚ್ಚು ಹಾಕಿ ಕಳುಹಿಸುವ ಏರ್ಪಾಟನ್ನು ಆರೆಗಾನ್ ಮಾಡಿಕೊಂಡಿತು. ಕಾನೂನಿನ ಪೂರ್ಣಪಾಠ, ಅದರ ಪರವಾದ ವಾದ, ವಿರುದ್ಧವಾದ ವಾದ, ಇಷ್ಟನ್ನೂ ಒಂದೇ ಪುಸ್ತಕದಲ್ಲಿ ಕೊಡುವುದು. ನನ್ನ ಮಗಳ ಮನೆಗೆ ಬಂದ ಪುಸ್ತಕ ಇದೇ ವಂಶದ್ದು. 1912ರಲ್ಲಿ ಆರೆಗಾನಿನ ಮತದಾರರು ಒಂದೇ ಚುನಾವಣೆಯಲ್ಲಿ 37 ಪ್ರಸ್ತಾಪಗಳ ಮೇಲೆ ತೀರ್ಪು ಕೊಡಬೇಕಾಯಿತು. ಆ ಮೂವತ್ತೇಳರಲ್ಲಿ ಒಂದು, ಹೆಂಗಸರಿಗೆ ಮತಾಧಿಕಾರ ಕೊಡಬೇಕೆಂಬುದು.

ಈ ಪ್ರಸ್ತಾಪದ ಕಥೆ ಸ್ವಾರಸ್ಯವಾದುದು. ಆರೆಗಾನಿನ ಗಂಡಸರು ಅದನ್ನು ಮೊದಲು 1884ರಲ್ಲಿ ತಿರಸ್ಕರಿಸಿದರು. ಅನಂತರ 1900, 1906, 1908, 1910ರಲ್ಲಿಯೂ ತಿರಸ್ಕರಿಸಿದರು. ಆರನೆಯ ಸಲ, 1912ರಲ್ಲಿ, ಅಲ್ಪ ಅಂತರದಿಂದ ಒಪ್ಪಿದರು. ಇದಕ್ಕಾಗಿ ನಾಲ್ಕು ದಶಕ ಹೋರಾಡಿದ ಅಬಿಗೈಲ್ ಸ್ಕಾಟ್ ಡನಿವೇ ಎಂಬಾಕೆಗೆ ಆಗ ಎಪ್ಪತ್ತೆಂಟು ವರ್ಷ. ರಾಜ್ಯಪಾಲರ ಕೋರಿಕೆಯಂತೆ ಸ್ತ್ರೀಮತಾಧಿಕಾರದ ಘೋಷಣಾಪತ್ರವನ್ನು ಬರೆದದ್ದು ಈ ಮುದುಕಿಯೇ. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಆರು ಸಲವೂ ಮತ ಹಾಕಿದವರು ಗಂಡಸರು. ಆ ಮತದ ಫಲ ಬೀಳುತ್ತಿದ್ದುದು ಹೆಂಗಸರ ಮೇಲೆ. ಜನರ ನೇರ ಆಳ್ವಿಕೆ ಎನ್ನುವಾಗ ಆ 'ಜನ' ಎಂಬ ಮಾತಿನೊಳಗೆ ಯಾರು ಇದ್ದಾರೆ, ಯಾರು ಇಲ್ಲ ಎಂಬ ಪ್ರಶ್ನೆ ಈ ಪದ್ಧತಿಯೊಂದಿಗೇ ಹುಟ್ಟಿದೆ.

ಆರೆಗಾನಿನ ದಕ್ಷಿಣಕ್ಕಿರುವ ಕ್ಯಾಲಿಫೋರ್ನಿಯಾಕ್ಕೆ ಬರೋಣ. ಅಲ್ಲಿಯ ರಾಜಕೀಯ ಬಹುಕಾಲ ಸದರ್ನ್ ಪೆಸಿಫಿಕ್ ಎಂಬ ರೈಲ್ವೆ ಕಂಪನಿಯ ಮುಷ್ಟಿಯಲ್ಲಿತ್ತು. ಆ ಹಿಡಿತವನ್ನು ಬಿಡಿಸುತ್ತೇನೆಂದು ಗೆದ್ದು ಬಂದ ರಾಜ್ಯಪಾಲ ಹೈರಮ್ ಜಾನ್ಸನ್. 1911ರ ಅಕ್ಟೋಬರ್ 10ರಂದು 23 ತಿದ್ದುಪಡಿಗಳನ್ನು ಜನರ ಮುಂದಿಟ್ಟು, ಇನಿಷಿಯೇಟಿವ್, ರೆಫರೆಂಡಮ್, ಮತ್ತು ಆರಿಸಿದವರನ್ನು ಹಿಂದಕ್ಕೆ ಕರೆಸುವ ಅಧಿಕಾರ, ಈ ಮೂರನ್ನೂ ತಂದವನು ಈತನೇ. ಅದೇ ದಿನ ಆ ರಾಜ್ಯದ ಹೆಂಗಸರಿಗೂ ಮತಾಧಿಕಾರ ಬಂತು. ಮಹಾಪ್ರಜಾಪ್ರಿಯನೆಂದು ಚರಿತ್ರೆ ಈತನನ್ನು ಕೊಂಡಾಡುತ್ತದೆ, ನ್ಯಾಯವೇ. ಆದರೆ ಎರಡು ವರ್ಷ ಕಳೆದು, 1913ರಲ್ಲಿ, ಇದೇ ಜಾನ್ಸನ್ ಇನ್ನೊಂದು ಕಾನೂನಿಗೆ ಸಹಿ ಹಾಕಿದ. ಅದು ಪರದೇಶೀಯರ ಭೂಮಿಯ ಕಾನೂನು.

ಆ ಕಾನೂನಿನಲ್ಲಿ ಯಾವ ದೇಶದ ಹೆಸರೂ ಇರಲಿಲ್ಲ. 'ಪೌರತ್ವ ಪಡೆಯಲು ಅರ್ಹರಲ್ಲದ ಪರದೇಶೀಯರು' ಸಾಗುವಳಿ ಭೂಮಿಯನ್ನು ಕೊಳ್ಳುವಂತಿಲ್ಲ, ಮೂರು ವರ್ಷಕ್ಕೆ ಮೀರಿ ಗುತ್ತಿಗೆಗೆ ಹಿಡಿಯುವಂತಿಲ್ಲ ಎಂದಷ್ಟೇ ಇತ್ತು. ಅರ್ಹರಲ್ಲದವರು ಯಾರು? ಅಂದಿನ ಅಮೆರಿಕದ ಕಾನೂನಿನಲ್ಲಿ ವಲಸೆ ಬಂದವರ ಪೈಕಿ ಪೌರತ್ವ ದೊರೆಯುತ್ತಿದ್ದುದು ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ. ಏಷ್ಯಾದವರಿಗೆ ಅದು ದೊರೆಯುವುದಿಲ್ಲವೆಂದಾದ ಮೇಲೆ ಹೆಸರು ಹೇಳುವ ಅಗತ್ಯವೇನು? ಗುರಿ ಇದ್ದದ್ದು ಜಪಾನಿ ರೈತರ ಮೇಲೆ. ಅವರು ಉಪಾಯ ಕಂಡುಕೊಂಡರು. ಆ ನೆಲದಲ್ಲೇ ಹುಟ್ಟಿ ಪೌರರಾಗಿದ್ದ ತಮ್ಮ ಮಕ್ಕಳ ಹೆಸರಿನಲ್ಲಿ ಭೂಮಿ ಕೊಂಡರು. ಗುತ್ತಿಗೆ ಹಿಡಿದು ಬೆಳೆ ತೆಗೆದರು. ಆ ಕಿಂಡಿಗಳನ್ನೂ ಮುಚ್ಚಬೇಕೆಂದು 1920ರ ನವೆಂಬರಿನಲ್ಲಿ ಒಂದನೆಯ ಸಂಖ್ಯೆಯ ಪ್ರಸ್ತಾಪ ಜನರ ಮುಂದೆ ಬಂತು. ಸುಮಾರು ಮೂರಕ್ಕೆ ಒಂದರಂತೆ ಜನ ಅದಕ್ಕೆ 'ಹೌದು' ಎಂದರು. ರೈಲ್ವೆ ಕಂಪನಿಯನ್ನು ಮಣಿಸಲು ಮಾಡಿಕೊಂಡ ಆಯುಧ ಮತವಿಲ್ಲದ ರೈತನ ಮೇಲೆ ತಿರುಗಿತು.

ಅದೇ 1920ರಲ್ಲಿ ಅಮೃತಸರ ಜಿಲ್ಲೆಯ ತರುಣನೊಬ್ಬ ಅಮೆರಿಕಕ್ಕೆ ಬಂದಿಳಿದ. ಹೆಸರು ದಲೀಪ್ ಸಿಂಗ್ ಸೌಂದ್. ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ ಡಾಕ್ಟರೇಟ್ ಪಡೆದ. ಗಣಿತದ ಪಂಡಿತನಾದರೂ ಜೀವನೋಪಾಯಕ್ಕೆ ಈತ ಹಿಡಿದದ್ದು ಇಂಪೀರಿಯಲ್ ಕಣಿವೆಯ ಬೇಸಾಯವನ್ನು. 1923ರಲ್ಲಿ ಭಗತ್ ಸಿಂಗ್ ಥಿಂದ್ ಎಂಬ ಭಾರತೀಯನ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಭಾರತೀಯರು ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪಿತ್ತಿತು. ಅಲ್ಲಿಗೆ ಜಪಾನಿ ರೈತನಿಗೆ ಹಾಸಿದ ಬಲೆಯಲ್ಲಿ ಪಂಜಾಬಿನ ರೈತನೂ ಸಿಕ್ಕಿಕೊಂಡ. 1920ರಲ್ಲಿ 'ಹೌದು' ಎಂದು ಗುರುತು ಹಾಕಿದ ಲಕ್ಷಾಂತರ ಜನರಲ್ಲಿ ಪಂಜಾಬಿಯನ್ನು ಮನಸ್ಸಿನಲ್ಲಿಟ್ಟುಕೊಂಡವರು ಎಷ್ಟು ಮಂದಿ ಇದ್ದಾರು? ಕಾನೂನಿನ ಮಾತು ಅದನ್ನು ಒಪ್ಪಿದವರ ಉದ್ದೇಶವನ್ನೂ ದಾಟಿ ಹೋಗುತ್ತದೆ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. 1946ರಲ್ಲಿ ಈ ಭೂಮಿಯ ಕಾನೂನನ್ನು ಇನ್ನಷ್ಟು ಭದ್ರಪಡಿಸುವ ಪ್ರಸ್ತಾಪವೊಂದು ಮತ್ತೆ ಜನರ ಮುಂದೆ ಬಂತು. ಜಪಾನಿನೊಡನೆ ನಡೆದ ಯುದ್ಧ ಮುಗಿದು ಒಂದು ವರ್ಷವಾಗಿತ್ತಷ್ಟೆ. ದ್ವೇಷ ಇನ್ನೂ ಬಿಸಿಯಾಗಿಯೇ ಇದ್ದೀತೆಂದು ಯಾರಾದರೂ ಊಹಿಸಬಹುದಾಗಿತ್ತು. ಜನ ಆ ಪ್ರಸ್ತಾಪವನ್ನು ಸೋಲಿಸಿದರು. ಅದೇ ವರ್ಷ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಿತು. 1952ರಲ್ಲಿ ಕ್ಯಾಲಿಫೋರ್ನಿಯಾದ ಉಚ್ಚತಮ ನ್ಯಾಯಾಲಯವೇ ಭೂಮಿಯ ಕಾನೂನು ಅಸಿಂಧುವೆಂದು ಸಾರಿತು. ಸತ್ತರೂ ಪುಸ್ತಕದಲ್ಲಿ ಉಳಿದಿದ್ದ ಆ ಕಾನೂನನ್ನು ಅಳಿಸಿಹಾಕಬೇಕೆಂಬ ಪ್ರಸ್ತಾಪ, ಹದಿಮೂರನೆಯ ಸಂಖ್ಯೆಯದು, 1956ರ ನವೆಂಬರ್ 6ರಂದು ಮತಕ್ಕೆ ಬಂತು. ಜನ 'ಹೌದು' ಎಂದರು. ಆ ದಿನವೇ, ಆ ಚುನಾವಣೆಯಲ್ಲೇ, ಇಂಪೀರಿಯಲ್ ಕಣಿವೆಯನ್ನೊಳಗೊಂಡ ಕ್ಷೇತ್ರದ ಮತದಾರರು ಅಮೆರಿಕದ ಕಾಂಗ್ರೆಸ್ಸಿಗೆ ಆರಿಸಿ ಕಳುಹಿಸಿದ್ದು ದಲೀಪ್ ಸಿಂಗ್ ಸೌಂದನನ್ನು. ಆ ಸಭೆಯನ್ನು ಪ್ರವೇಶಿಸಿದ ಭಾರತೀಯರಲ್ಲಿ ಈತನೇ ಮೊದಲಿಗ.

ಮತದಾರರು ಒಮ್ಮೆ ಕಲಿತದ್ದನ್ನು ಮರೆಯುವುದಿಲ್ಲವೆಂದು ಮಾತ್ರ ತಿಳಿಯಬಾರದು. ಎಂಟೇ ವರ್ಷಗಳಲ್ಲಿ, 1964ರಲ್ಲಿ, ಅದೇ ಕ್ಯಾಲಿಫೋರ್ನಿಯಾದಲ್ಲಿ ಹದಿನಾಲ್ಕನೆಯ ಪ್ರಸ್ತಾಪ ಬಂತು. ಬಣ್ಣ ನೋಡಿ ಮನೆ ಮಾರದಿರುವುದು, ಬಾಡಿಗೆಗೆ ಕೊಡದಿರುವುದು ತಪ್ಪೆಂದು ಶಾಸನಸಭೆ ಹಿಂದಿನ ವರ್ಷ ಮಾಡಿದ್ದ ಕಾನೂನನ್ನು ಅಳಿಸುವುದು ಅದರ ಉದ್ದೇಶ. ಆದರೆ ಮತಪತ್ರದಲ್ಲಿ ಅದು ಬಂದದ್ದು ಆಸ್ತಿವಂತನ ಹಕ್ಕಿನ ವೇಷದಲ್ಲಿ. ನ್ಯಾಯದ ಪರವಾಗಿದ್ದವನು 'ಇಲ್ಲ' ಎನ್ನಬೇಕಾಗಿತ್ತು. ಅಧ್ಯಕ್ಷ ಪದವಿಗೆ ಲಿಂಡನ್ ಜಾನ್ಸನ್‌ನನ್ನು, ಎಂದರೆ ಸಮಾನ ಹಕ್ಕುಗಳ ಕಾಯಿದೆಗೆ ಅದೇ ವರ್ಷ ಸಹಿ ಹಾಕಿದ್ದವನನ್ನು, ಬಹುಮತದಿಂದ ಆರಿಸಿದ ರಾಜ್ಯ ಅದೇ ಮತಪತ್ರದಲ್ಲಿ ಈ ಪ್ರಸ್ತಾಪಕ್ಕೂ ಸುಮಾರು ಮೂರನೆಯ ಎರಡರಷ್ಟು ಬಹುಮತ ಕೊಟ್ಟಿತು. 1967ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಬೇಕಾಯಿತು.

ಇನ್ನು 1978ರ ಹದಿಮೂರನೆಯ ಪ್ರಸ್ತಾಪ. ಸಂಖ್ಯೆ 1956ರದ್ದೇ, ಸಂಗತಿ ಬೇರೆ. ಮನೆಗಳ ಬೆಲೆ ಏರಿದಂತೆ ತೆರಿಗೆಯೂ ಏರಿ, ನಿವೃತ್ತರಾದವರು ತಮ್ಮ ಸ್ವಂತ ಮನೆಯಲ್ಲಿ ಉಳಿಯುವುದೇ ಕಷ್ಟವಾಗಿದ್ದ ಕಾಲ. ಹೋವರ್ಡ್ ಜಾರ್ವಿಸ್, ಪಾಲ್ ಗ್ಯಾನ್ ಎಂಬಿಬ್ಬರು ಮುಂದೆ ನಿಂತು ತಂದ ಈ ಪ್ರಸ್ತಾಪ ಆಸ್ತಿಯ ತೆರಿಗೆಯನ್ನು ಬೆಲೆಯ ಶೇಕಡಾ 1ಕ್ಕೆ ಕಟ್ಟಿಹಾಕಿತು. ಲೆಕ್ಕದ ಬೆಲೆ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರಬಾರದೆಂದಿತು. ಮನೆ ಮಾರಾಟವಾದಾಗ ಮಾತ್ರ ಹೊಸ ಬೆಲೆ. ಸುಮಾರು ಶೇಕಡಾ 65 ಮಂದಿ ಒಪ್ಪಿದರು. ನೊಂದವರಿಗೆ ಪರಿಹಾರ ದೊರೆಯಿತು, ಸುಳ್ಳಲ್ಲ. ಆದರೆ ಇವತ್ತಿಗೂ ನನ್ನ ಮಗಳ ಬೀದಿಯಲ್ಲಿ ಎದುರುಬದುರಿನ ಎರಡು ಒಂದೇ ಬಗೆಯ ಮನೆಗಳಿಗೆ ತೆರಿಗೆಯಲ್ಲಿ ಅಜಗಜಾಂತರ. ಎದುರುಮನೆಯ ಅಜ್ಜಿ 1970ರ ದಶಕದಲ್ಲಿ ಮನೆ ಕೊಂಡವರು. ನನ್ನ ಮಗಳು ನಿನ್ನೆ ಮೊನ್ನೆ ಕೊಂಡವಳು. 1978ರ ಜೂನ್ ತಿಂಗಳಲ್ಲಿ ಆ ಮತಪತ್ರಕ್ಕೆ ಗುರುತು ಹಾಕುತ್ತಿದ್ದಾಗ ಅವಳಿನ್ನೂ ಹುಟ್ಟಿರಲಿಲ್ಲ. ಇನ್ನೂ ಹುಟ್ಟದಿರುವವರೂ ಮತವಿಲ್ಲದವರೇ ತಾನೆ?

ಹಾಗಾದರೆ ಸಾಮಾನ್ಯ ಮತದಾರ ತೀರ್ಮಾನಿಸುವುದು ಹೇಗೆ? ವಿದ್ವಾಂಸರು ಇದನ್ನು ಪರಿಶೀಲಿಸಿದ್ದಾರೆ. 1988ರಲ್ಲಿ ಕ್ಯಾಲಿಫೋರ್ನಿಯಾದ ಮತಪತ್ರದಲ್ಲಿ ವಾಹನ ವಿಮೆಯ ಸುಧಾರಣೆಯನ್ನು ಕುರಿತು ಐದು ಪ್ರಸ್ತಾಪಗಳು ಏಕಕಾಲಕ್ಕೆ ಬಂದವು. ಒಂದಕ್ಕೊಂದು ವಿರುದ್ಧ; ಭಾಷೆ ಕಬ್ಬಿಣದ ಕಡಲೆ. ಆರ್ಥರ್ ಲೂಪಿಯಾ ಎಂಬ ವಿದ್ವಾಂಸ ಆ ಮತದಾರರನ್ನು ಮಾತನಾಡಿಸಿ 1994ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹೇಳಿದ್ದು ಇಷ್ಟು: ಕಾನೂನಿನ ವಿವರ ತಿಳಿಯದಿದ್ದರೂ, ವಿಮಾ ಕಂಪನಿಗಳು ಯಾವುದರ ಪರ, ಯಾವುದರ ವಿರುದ್ಧ ಎಂಬುದೊಂದನ್ನು ತಿಳಿದಿದ್ದವರು, ಎಲ್ಲವನ್ನೂ ಓದಿ ತಿಳಿದವರು ಹಾಕಿದಂತೆಯೇ ಮತ ಹಾಕಿದ್ದರು. ಎಂದರೆ 'ಯಾರು ಹೇಳುತ್ತಿದ್ದಾರೆ' ಎಂಬುದನ್ನು ಅರಿತರೆ 'ಏನು ಹೇಳುತ್ತಿದ್ದಾರೆ' ಎಂಬುದು ಅರ್ಧ ಅರಿತಂತೆ. ನಮ್ಮ ಹಳ್ಳಿಯ ಹಿರಿಯರಿಗೆ ಇದು ಹೊಸ ಮಾತೇನೂ ಅಲ್ಲ.

ಮಗಳಿಗೆ ನಾನು ಇದನ್ನೇ ಹೇಳಿದೆ. ಬರೆದವರು ಯಾರು, ದುಡ್ಡು ಸುರಿದವರು ಯಾರು, ಪರವಾಗಿ ಸಹಿ ಹಾಕಿದವರು ಯಾರು, ವಿರುದ್ಧವಾಗಿ ಯಾರು ಎಂದು ಮೊದಲು ನೋಡು. 'ಇಲ್ಲ' ಎಂದು ಹೇಳಿದರೆ ಏನು ಉಳಿಯುತ್ತದೆ ಎಂದು ಆಮೇಲೆ ನೋಡು. ತಪ್ಪಾದರೆ ತಿದ್ದಲು ಬರುತ್ತದೆಯೆ ಎಂದು ಕೊನೆಯಲ್ಲಿ ನೋಡು. ಏಕೆಂದರೆ ಕ್ಯಾಲಿಫೋರ್ನಿಯಾದಲ್ಲಿ ಜನ ಮಾಡಿದ ಕಾನೂನನ್ನು, ಆ ಕಾನೂನೇ ಅವಕಾಶ ಕೊಟ್ಟಿರದಿದ್ದರೆ, ಶಾಸನಸಭೆ ತಾನಾಗಿ ಮುಟ್ಟುವಂತಿಲ್ಲ. ಈ ಸೂತ್ರ ಹಿಡಿದು ನಾವಿಬ್ಬರೂ ಒಂದೊಂದೇ ಪ್ರಸ್ತಾಪವನ್ನು ದಾಟುತ್ತ ಹೋದೆವು. ಆರನೆಯದಕ್ಕೆ ಬಂದಾಗ ನನ್ನ ಸೂತ್ರ ಕೈಕೊಟ್ಟಿತು.

ಆರನೆಯ ಪ್ರಸ್ತಾಪ ಸೆರೆಮನೆಯ ಕೈದಿಗಳನ್ನು ಕುರಿತದ್ದು. ಅಪರಾಧಕ್ಕೆ ಶಿಕ್ಷೆಯಾಗಿ ಬಲವಂತದ ದುಡಿಮೆ ಮಾಡಿಸಲು ಆ ರಾಜ್ಯದ ಸಂವಿಧಾನದಲ್ಲಿ ಅವಕಾಶವಿದೆ. ಅದನ್ನು ತೆಗೆದುಹಾಕಬೇಕೆ ಎಂಬುದು ಪ್ರಶ್ನೆ. ಕೈಪಿಡಿಯಲ್ಲಿ ಪರವಾದ ವಾದವಿತ್ತು. ವಿರುದ್ಧವಾದ ವಾದವನ್ನು ಯಾರೂ ಸಲ್ಲಿಸಿರಲಿಲ್ಲ. ವಿಮಾ ಕಂಪನಿಗಳಂತೆ ಕೋಟಿಗಟ್ಟಲೆ ಹಣ ಸುರಿದು ಎದುರಿಸುವವರೂ ಕಾಣಲಿಲ್ಲ. ಯಾರು ಹೇಳುತ್ತಿದ್ದಾರೆಂದು ನೋಡಿ ತೀರ್ಮಾನಿಸೋಣವೆಂದರೆ ಎದುರು ಪಕ್ಷದಲ್ಲಿ ಯಾರೂ ಏನೂ ಹೇಳುತ್ತಿಲ್ಲ! ಯಾರ ಬದುಕು ಈ ಪ್ರಶ್ನೆಗೆ ಕಟ್ಟಿದೆಯೋ ಆ ಕೈದಿಗಳಿಗೆ ಶಿಕ್ಷೆ ಮುಗಿಯುವವರೆಗೆ ಮತವಿಲ್ಲ.

"ಇನ್‌ವಾಲಂಟರಿ ಸರ್ವಿಟ್ಯೂಡ್ ಅಂದರೆ ಏನಪ್ಪ? ಸ್ವಯಂಸೇವೆಯಲ್ಲದ ಸೇವೆಯೆ?" ಎಂದು ಮಗಳು ಕೇಳಿದಳು. ಅವಳು ಇಂಗ್ಲಿಷಿನಲ್ಲಿಯೇ ಓದಿ ಬೆಳೆದವಳು. ಆದರೂ ಆ ಮಾತು ಅವಳ ಮನಸ್ಸಿಗೆ ತಟ್ಟಲಿಲ್ಲ. ಮತಪತ್ರದ ಆ ಸಾಲಿನಲ್ಲಿ ಗುಲಾಮಗಿರಿ ಎಂಬ ಪದವೇ ಇರಲಿಲ್ಲ. ನನಗೆ ನಮ್ಮ ಕಲ್ಲಿನ ಶಾಸನಗಳು ನೆನಪಾದವು. ಅರಸು ಒಂದು ಊರಿಗೆ ಕೃಪೆ ತೋರಿ 'ಬಿಟ್ಟಿ'ಯನ್ನು ಬಿಟ್ಟುಕೊಟ್ಟನೆಂದು ಬರೆಸಿದ ಶಾಸನಗಳುಂಟು. ಬಿಟ್ಟಿ ಎಂದರೆ ಒಲ್ಲೆನೆಂದರೂ ಮಾಡಲೇಬೇಕಾದ ಚಾಕರಿ. "ಬಿಟ್ಟಿ ಎನ್ನಬಹುದಮ್ಮ, ಅಥವಾ ಜೀತ" ಎಂದೆ. "ಕೈಗೆ ಗಂಟೆಗೆ ಒಂದು ಡಾಲರಿಗಿಂತ ಕಡಿಮೆ ಕೂಲಿ ಇಡುತ್ತಾರಂತೆ, ಆದ್ದರಿಂದ ಪೂರ್ತಿ ಬಿಟ್ಟಿಯಲ್ಲ. ಒಲ್ಲೆ ಎಂದರೆ ಶಿಕ್ಷೆಯುಂಟು. ಆದ್ದರಿಂದ ಕೂಲಿಯೂ ಅಲ್ಲ." ಅವಳು ಬಹಳ ಹೊತ್ತು ಸುಮ್ಮನಿದ್ದಳು.

ನವೆಂಬರ್ 5ರಂದು ಆ ಪ್ರಸ್ತಾಪ ಸೋತಿತು. ಶೇಕಡಾ 53ರಷ್ಟು ಮಂದಿ 'ಇಲ್ಲ' ಎಂದಿದ್ದರು. ಪಕ್ಕದ ನೆವಾಡ ರಾಜ್ಯದಲ್ಲಿ ಅದೇ ದಿನ ಇಂಥದೇ ಪ್ರಸ್ತಾಪ ಸುಮಾರು ಶೇಕಡಾ 60ರಷ್ಟು ಮತದಿಂದ ಗೆದ್ದಿತು. ಅಲ್ಲಿಯ ಮತಪತ್ರದಲ್ಲಿ ಗುಲಾಮಗಿರಿ ಎಂಬ ಪದ ನೇರವಾಗಿಯೇ ಇತ್ತು. ಸೋಲು ಗೆಲುವಿಗೆ ಇದೊಂದೇ ಕಾರಣವೆಂದು ನಾನು ಹೇಳಲಾರೆ. ಅಪರಾಧದ ಭಯವೂ ಆ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಬಲವಾಗಿತ್ತು. ಆದರೂ ಪದಗಳನ್ನು ತೂಗುವುದನ್ನೇ ವೃತ್ತಿ ಮಾಡಿಕೊಂಡಿದ್ದವನಿಗೆ ಈ ಎರಡು ಮತಪತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡದೆ ಇರಲಾಗಲಿಲ್ಲ.

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂತು. ಬಲವುಳ್ಳವರಿಬ್ಬರು ಜಗಳವಾಡುವಾಗ ಮತದಾರನಿಗೆ ದಾರಿ ಕಾಣುತ್ತದೆ. ಇಬ್ಬರೂ ಕೂಗಿ ಹೇಳುತ್ತಾರೆ. ಕೂಗಲಾರದವನ ಮಾತು ಬಂದಾಗ ಕೈಪಿಡಿಯ ಪುಟ ಖಾಲಿ ಬಿದ್ದಿರುತ್ತದೆ. 1884ರಿಂದ 1912ರವರೆಗಿನ ಆರೆಗಾನಿನ ಹೆಂಗಸು, 1920ರ ರೈತ, 1978ರಲ್ಲಿ ಇನ್ನೂ ಹುಟ್ಟದಿದ್ದ ಮಗು, 2024ರ ಕೈದಿ, ಇವರೆಲ್ಲ ಆ ಖಾಲಿ ಪುಟದಲ್ಲಿದ್ದಾರೆ. ಅಲ್ಲಿ ಅವರ ಪರವಾದ ವಾದವನ್ನು ಮತವುಳ್ಳವನು ತಾನೇ ಬರೆದುಕೊಂಡು, ತಾನೇ ಓದಿಕೊಳ್ಳಬೇಕು. ಆಮೇಲೆ 'ಹೌದು' ಎನ್ನಲಿ, 'ಇಲ್ಲ' ಎನ್ನಲಿ, ಅದು ಅವನ ಹಕ್ಕು.

ಮಗಳು ಆ ರಾತ್ರಿ ಊಟವಾದ ಮೇಲೆ ಮೇಜಿನ ಮುಂದೆ ಕುಳಿತು ಮತಪತ್ರ ತುಂಬಿದಳು. ಲಕೋಟೆಗೆ ಅಂಟು ಹಚ್ಚಿ, ಹಿಂಬದಿಯಲ್ಲಿ ಸಹಿ ಹಾಕಿದಳು. ಬೆಳಗ್ಗೆ ತಿರುಗಾಡಲು ಹೊರಟಾಗ ಅದನ್ನು ಪೆಟ್ಟಿಗೆಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಆರನೆಯದಕ್ಕೆ ಅವಳು ಏನೆಂದು ಗುರುತು ಹಾಕಿದ್ದಳೋ, ನಾನು ಕೇಳಲಿಲ್ಲ.